ಹೆದರಿದ ಮಗು ಶಾಲೆಗೆ ಮರಳುವಾಗ

ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ಮನೆಗಳಿಗಾಗಿ ಈ ಸಲದ ವಿಷಯ: ಅವಘಡ ಕಂಡ ಮಗುವಿನ ಮನಸ್ಸು.

ಮೂರೂ ಊರು ಅಂಥದ್ದನ್ನು ಕಂಡಿವೆ. 2019ರ ಮೇ 24ರಂದು ಸೂರತ್‌ನ ಸರಥಾಣಾದಲ್ಲಿ ತಕ್ಷಶಿಲಾ ಆರ್ಕೇಡ್‌ಗೆ ಬೆಂಕಿ ಬಿದ್ದು, ಕ್ಲಾಸಿಗೆ ಬಂದಿದ್ದ 22 ಎಳೆಯರು ತೀರಿಕೊಂಡರು. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, 2 ಶಿಕ್ಷಕಿಯರು ಹೋದರು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ ಬಿತ್ತು. ಇಂಥ ಸುದ್ದಿ ಬಂದ ದಿನ, ಏನೂ ಆಗದ ಮನೆಯ ಮಗುವೂ ರಾತ್ರಿ ಅಮ್ಮನನ್ನು ಬಿಟ್ಟು ಮಲಗುವುದಿಲ್ಲ.

ಮೊದಲು ಮೊಬೈಲ್ ವಿಷಯ. ಬೆಂಕಿಯ ವಿಡಿಯೋ, ದೋಣಿಯ ವಿಡಿಯೋ ನಮ್ಮ ಗುಂಪುಗಳಲ್ಲೇ ತಿರುಗುತ್ತವೆ, ಅದನ್ನು ಕಳಿಸುವವರು ನಾವೇ. ಪುಟ್ಟ ಮಗುವಿಗೆ ಅದೇ ದೃಶ್ಯ ಹತ್ತು ಸಲ ಕಂಡರೆ ಹತ್ತು ಸಲವೂ ಹೊಸದಾಗಿ ಅವಘಡ ಆದಂತೆ. ದಯವಿಟ್ಟು ಅಳಿಸಿಬಿಡಿ.

ಮಕ್ಕಳು "ನನಗೆ ಭಯ" ಅಂತ ಹೇಳುವುದು ಕಡಿಮೆ. ಶಾಲೆಯ ವ್ಯಾನ್ ಬರುವ ಹೊತ್ತಿಗೆ ಹೊಟ್ಟೆನೋವು ಬರುತ್ತದೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುತ್ತದೆ. ಆಟದಲ್ಲೂ ಅದೇ ದೋಣಿ ಮತ್ತೆ ಮತ್ತೆ ಮುಳುಗುತ್ತದೆ. ದೊಡ್ಡ ಮಕ್ಕಳು ಸಿಡುಕುತ್ತಾರೆ, ಓದಿದ್ದು ತಲೆಗೆ ಹತ್ತುವುದಿಲ್ಲ, ಮಾರ್ಕ್ಸ್ ಇಳಿಯುತ್ತದೆ. ಇದನ್ನು ಹಟ, ಸೋಮಾರಿತನ ಅಂದುಕೊಂಡು ಬೈದರೆ ಎರಡು ಕಷ್ಟ ಒಂದಾಗುತ್ತವೆ.

"ಏನೂ ಆಗಿಲ್ಲ, ಸುಮ್ಮನಿರು" ಅನ್ನಬೇಡಿ. ಆಗಿದೆ ಅಂತ ಮಗುವಿಗೆ ಗೊತ್ತು. ಹಾಗಂತ ಕೂರಿಸಿಕೊಂಡು "ಏನೇನು ನೋಡಿದೆ ಹೇಳು" ಎಂದು ಕೆದಕುವುದೂ ಬೇಡ. ಅದು ತಾನಾಗಿ ಹೇಳಿದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿ. ಸತ್ತವರ ಬಗ್ಗೆ ಕೇಳಿದರೆ "ಸತ್ತುಹೋದರು" ಎಂದೇ ಹೇಳಿ. "ಮಲಗಿದ್ದಾರೆ" ಅಂದರೆ ಮಗುವಿಗೆ ನಿದ್ದೆಯೇ ಹೆದರಿಕೆ ಆಗುತ್ತದೆ. ಊಟ, ಸ್ನಾನ, ನಿದ್ದೆಯ ಹೊತ್ತು ಎಂದಿನಂತೆ ನಡೆಯಲಿ. ಊರಿನ ಅಜ್ಜಿಯ ಜೊತೆ ದಿನಾ ವಿಡಿಯೋ ಕಾಲ್ ಮಾಡಿಸಿದರೆ ಒಳ್ಳೆಯದೇ. ಆದರೆ ಅಜ್ಜಿ ಮಗುವಿನ ಮುಂದೆ ಅಳದಂತೆ ಮೊದಲೇ ಹೇಳಿಡಿ.

ಶಾಲೆಯನ್ನು ತಿಂಗಳುಗಟ್ಟಲೆ ಬಿಡಿಸಬೇಡಿ. ಬಿಟ್ಟಷ್ಟೂ ಭಯ ಬೆಳೆಯುತ್ತದೆ. ಕ್ಲಾಸ್ ಟೀಚರ್ ಒಪ್ಪಿದರೆ ಮೊದಲು ಅರ್ಧ ದಿನ, ಬಾಗಿಲ ಹತ್ತಿರದ ಬೆಂಚು, ಎದೆ ಹೊಡೆದುಕೊಂಡಾಗ ಹೊರಗೆ ಹೋಗಿ ನೀರು ಕುಡಿದು ಬರಲು ಅನುಮತಿ. ಗೆಳೆಯನ ಬೆಂಚು ಖಾಲಿಯಾಗಿದ್ದರೆ ಟೀಚರ್ ಅವನ ಹೆಸರನ್ನು ತರಗತಿಯಲ್ಲಿ ಹೇಳಲಿ, ಮಕ್ಕಳು ಚಿತ್ರ ಬರೆಯಲಿ. ಮೌನ ಮಾಡಿದರೆ ಮಕ್ಕಳು ತಮ್ಮದೇ ಕಥೆ ಕಟ್ಟಿಕೊಳ್ಳುತ್ತಾರೆ, ಕೆಲವರು ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಶಾಲೆಯಲ್ಲಿ ಗುಜರಾತಿ, ಹಿಂದಿ ಅಥವಾ ಇಂಗ್ಲಿಷ್. ದುಃಖ ಬಂದಾಗ ಮಗುವಿನ ಬಾಯಲ್ಲಿ ಬರುವುದು ಕನ್ನಡ. ಟೀಚರ್‌ಗೆ ಅದು ತಿಳಿಯದೆ "ಮಾತಾಡುತ್ತಿಲ್ಲ" ಅಂತ ಬರೆದುಬಿಡುತ್ತಾರೆ. "ಹೆದರಿಕೆ", "ಅಮ್ಮ ಬೇಕು", "ಹೊಟ್ಟೆನೋವು" ಇಂಥ ನಾಲ್ಕು ಮಾತನ್ನು ಅರ್ಥಸಹಿತ ಚೀಟಿಯಲ್ಲಿ ಬರೆದುಕೊಡಿ. ನಿಮಗೆ ಗುಜರಾತಿ ಬಾರದಿದ್ದರೆ ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಿ, ನಾಚಿಕೆ ಬೇಡ.

ಇದೆಲ್ಲ ಮಾಡಲು ಮನೋವೈದ್ಯರೇ ಆಗಬೇಕಿಲ್ಲ. 2001ರ ಭೂಕಂಪದ ನಂತರ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ತಂಡ ಗುಜರಾತಿನಲ್ಲಿ ಕೆಲಸ ಮಾಡಿ, ಸ್ಥಳೀಯ ಕಾರ್ಯಕರ್ತರಿಗೇ ಇಂಥ ಆಸರೆ ಕೊಡುವುದನ್ನು ಕಲಿಸಿತ್ತು. ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ. ಒಂದು ತಿಂಗಳಾದರೂ ಕೆಟ್ಟ ಕನಸು, ಬೆಚ್ಚಿಬೀಳುವುದು, ಶಾಲೆಗೆ ಹೋಗಲೊಲ್ಲೆ ಅನ್ನುವುದು ಕಡಿಮೆಯಾಗದಿದ್ದರೆ ಮನೋವೈದ್ಯರನ್ನು ಕಾಣಿ. ಮಗು ಸಾಯುವ ಮಾತಾಡಿದರೆ ತಿಂಗಳು ಕಾಯಬೇಡಿ, ಅಂದೇ ಹೋಗಿ.

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಸಿಗುತ್ತದೆ, ಉಚಿತ. ಭಾಷೆ ಆಯ್ಕೆ ಕೇಳಿದಾಗ ಕನ್ನಡವನ್ನೂ ಆರಿಸಬಹುದು.