ಫಾಸ್ಫೋ-ಆಕ್ಟ್ ಬ್ಯಾಂಡ್ ನಂಬುವ ಮುನ್ನ: ಏಳು ಸೂತ್ರಗಳು

ಜೀವಕೋಶಕ್ಕೆ 'ಸಾಯಬೇಡ, ಬೆಳೆ' ಎಂಬ ಸಂದೇಶ ಮುಟ್ಟಿಸುವ ಪ್ರೋಟೀನು ಆಕ್ಟ್. ಅದರ 473ನೇ ಸೆರಿನ್‌ಗೆ ಫಾಸ್ಫೇಟ್ ಅಂಟದೆ ಆಕ್ಟ್ ಪೂರ್ತಿ ಚುರುಕಾಗದು. ಪಿಟೆನ್ ಎಂಬ ಕಡಿವಾಣ ಕಳಚಿದ ಕ್ಯಾನ್ಸರ್ ಕೋಶಗಳಲ್ಲಿ ಈ ಚುರುಕು ಇಳಿಯುವುದೇ ಇಲ್ಲ. ಆ ಒಂದು ಫಾಸ್ಫೇಟನ್ನು ಹಿಡಿಯುವ ಆ್ಯಂಟಿಬಾಡಿಯಿಂದ ವೆಸ್ಟರ್ನ್ ಬ್ಲಾಟ್ ಮಾಡಲು ಹೊರಟವರಿಗೆ ಈ ಮಾತುಗಳು.

1. ಮೊದಲು ಐಸ್, ಆಮೇಲೆ ಕೋಶ. ಕೋಶ ಒಡೆದ ಗಳಿಗೆಯಿಂದಲೇ ಫಾಸ್ಫಟೇಸ್ ಕಿಣ್ವಗಳು ಫಾಸ್ಫೇಟನ್ನು ಕಿತ್ತುಹಾಕಲು ಶುರುಮಾಡುತ್ತವೆ. ಬಫರ್‌ಗೆ ವನಡೇಟ್ ಒಂದನ್ನೇ ಹಾಕಿ ಸುಮ್ಮನಾಗಬೇಡಿ. ಅದು ತಡೆಯುವುದು ಮುಖ್ಯವಾಗಿ ಟೈರೋಸಿನ್ ಫಾಸ್ಫಟೇಸ್‌ಗಳನ್ನು. ನಿಮ್ಮ ಗುರಿ ಸೆರಿನ್. ಸೋಡಿಯಂ ಫ್ಲೋರೈಡ್ ಬೇಕೇ ಬೇಕು.

2. ಎರಡು ಸಾಕ್ಷಿಗಳಿಲ್ಲದೆ ಜೆಲ್ ಓಡಿಸಬೇಡಿ. ಪಿಟೆನ್ ಇಲ್ಲದ ಎಲ್ಎನ್‌ಕ್ಯಾಪ್ ಪ್ರಾಸ್ಟೇಟ್ ಕೋಶಗಳಲ್ಲಿ ಗೆರೆ (ಬ್ಯಾಂಡ್) ದಟ್ಟವಾಗಿ ಬರಬೇಕು. ಅವಕ್ಕೇ ಆಕ್ಟ್‌ಗೆ ಫಾಸ್ಫೇಟ್ ಅಂಟದಂತೆ ಮಾಡುವ ವೋರ್ಟ್‌ಮ್ಯಾನಿನ್ ಔಷಧಿ ಕೊಟ್ಟರೆ ಗೆರೆ ಕರಗಬೇಕು. ಕರಗದಿದ್ದರೆ ನಿಮ್ಮ ಆ್ಯಂಟಿಬಾಡಿ ಬೇರೇನನ್ನೋ ಹಿಡಿದಿರಬಹುದು, ಔಷಧಿಯೇ ಕೆಟ್ಟಿರಲೂಬಹುದು. ಎರಡನ್ನೂ ಪರೀಕ್ಷಿಸಿ.

3. ಮೆಂಬ್ರೇನ್ ಬ್ಲಾಕ್ ಮಾಡಲು ಹಾಲಿನ ಪುಡಿ ಬೇಡ. ಹಾಲಿನ ಕೇಸೀನ್ ತಾನೇ ಫಾಸ್ಫೇಟ್ ಹೊತ್ತ ಪ್ರೋಟೀನು. ಮೆಂಬ್ರೇನ್ ಪೂರಾ ಮಬ್ಬಾಗುವ ಅಪಾಯವಿದೆ. ಶೇಕಡ 5 ಬಿಎಸ್ಎ ಬಳಸಿ.

4. ಒಟ್ಟು ಆಕ್ಟನ್ನೂ ಅಳೆಯಿರಿ. ಗೆರೆ ದಪ್ಪಗಾದದ್ದು ಫಾಸ್ಫೇಟ್ ಹೆಚ್ಚಿದ್ದಕ್ಕೋ, ಪ್ರೋಟೀನೇ ಹೆಚ್ಚಿದ್ದಕ್ಕೋ? ಅದೇ ಸ್ಯಾಂಪಲ್‌ನಲ್ಲಿ ನೋಡದೆ ಹೇಳಲಾಗದು.

5. ಗೆರೆ 60 ಕಿಲೋಡಾಲ್ಟನ್ ಹತ್ತಿರ ಇರಲಿ. ಅನುಮಾನ ಬಂದರೆ ಮೆಂಬ್ರೇನನ್ನು ಎರಡು ತುಂಡು ಮಾಡಿ, ಒಂದನ್ನು ಲ್ಯಾಂಬ್ಡಾ ಫಾಸ್ಫಟೇಸ್‌ನಲ್ಲಿ ನೆನೆಸಿ. ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ತುಂಡಿನಲ್ಲಿ ಕಪ್ಪು ಗೆರೆ, ಇನ್ನೊಂದು ಬರಿ ಬಿಳಿ. ಆ್ಯಂಟಿಬಾಡಿ ಹಿಡಿದಿರುವುದು ಫಾಸ್ಫೇಟನ್ನೇ ಎಂದು ಆ ಬಿಳಿ ತುಂಡು ಹೇಳುವಷ್ಟು ಸ್ಪಷ್ಟವಾಗಿ ಯಾವ ಕ್ಯಾಟಲಾಗೂ ಹೇಳದು.

6. ಗೆರೆ ದಟ್ಟವಾದ ಮಾತ್ರಕ್ಕೆ ಆಕ್ಟ್ ಕೆಲಸ ಮಾಡುತ್ತಿದೆ ಎಂದುಕೊಳ್ಳಬೇಡಿ. ಎಷ್ಟೋ ಜನ ಎಡವುವುದು ಇಲ್ಲೇ. ಅಮೆರಿಕದಲ್ಲಿ 2023ರಲ್ಲಿ ಸ್ತನ ಕ್ಯಾನ್ಸರ್‌ಗೆ ಒಪ್ಪಿಗೆ ಪಡೆದ ಕ್ಯಾಪಿವಾಸರ್ಟಿಬ್ ಆಕ್ಟನ್ನೇ ಕಟ್ಟಿಹಾಕುವ ಔಷಧಿ. ಅದನ್ನು ಕೊಟ್ಟ ಕೋಶಗಳಲ್ಲಿ 473ರ ಗೆರೆ ಇಳಿಯುವುದಿಲ್ಲ, ಏರುತ್ತದೆ! ಔಷಧಿ ಆಕ್ಟ್‌ನ ಎಟಿಪಿ ಜಾಗದಲ್ಲಿ ಕೂತು ಅದರ ಕೆಲಸ ನಿಲ್ಲಿಸುತ್ತದೆ. ಆದರೆ ಆಕ್ಟ್ ಮೇಲಿನ ಫಾಸ್ಫೇಟ್ ಕಿತ್ತುಹೋಗದೆ ಕೂಡುತ್ತಾ ಹೋಗುತ್ತದೆ. ಆದ್ದರಿಂದ ಆಕ್ಟ್ ತಾನೇ ಪ್ರಾಸ್40 ಪ್ರೋಟೀನಿಗೆ ಅಂಟಿಸುವ ಫಾಸ್ಫೇಟನ್ನೂ ನೋಡಿ. ಅದು ಇಳಿದಿದ್ದರೆ ಔಷಧಿ ಕೆಲಸ ಮಾಡಿದೆ.

7. ರೋಗಿಯ ಗಡ್ಡೆಯ ತುಂಡಾದರೆ ಗಡಿಯಾರ ನೋಡಿ. ಆಪರೇಷನ್ ಟೇಬಲ್‌ನಿಂದ ಫಾರ್ಮಲಿನ್ ಸೇರುವಷ್ಟರಲ್ಲಿ ಫಾಸ್ಫೇಟ್ ಉದುರಿಹೋಗಬಹುದು. ಎಷ್ಟು ಹೊತ್ತಾಯಿತೆಂದು ಬರೆದಿಡಿ. ಆ ಹೊತ್ತು ಗೊತ್ತಿಲ್ಲದ ತುಂಡಿನಲ್ಲಿ ಆ್ಯಂಟಿಬಾಡಿಯ ಬಣ್ಣ ಬರದಿದ್ದರೆ, 'ಈ ರೋಗಿಯಲ್ಲಿ ಆಕ್ಟ್ ಸುಮ್ಮನಿತ್ತು' ಎಂದು ವರದಿಯಲ್ಲಿ ಬರೆಯಬೇಡಿ.