ಸಂಪರ್ಕ ಮತ್ತು ಸಂಬಂಧ

'ಸಂಪರ್ಕ', 'ಸಂಬಂಧ' ಎಂಬ ಎರಡು ಶಬ್ದಗಳನ್ನು ನಾವೀಗ ಒಂದೇ ಅರ್ಥದಲ್ಲಿ ಪ್ರಯೋಗಿಸುತ್ತಿದ್ದೇವೆ. ವ್ಯುತ್ಪತ್ತಿಯನ್ನು ವಿಚಾರಿಸಿದರೆ ಅವು ಬೇರೆ ಬೇರೆ. ಮೊದಲನೆಯದು 'ಪೃಚ್' ಧಾತುವಿನಿಂದ ಬಂದುದು. ಬೆರೆಯುವುದು, ತಾಗುವುದು ಎಂದು ಅದರ ಅರ್ಥ. ಎರಡನೆಯದು 'ಬಂಧ್' ಧಾತುವಿನಿಂದ ಬಂದುದು; ಕಟ್ಟುವುದು ಎಂದರ್ಥ. ತಾಗಿದ್ದು ತಾನಾಗಿಯೇ ಬಿಟ್ಟುಹೋಗಬಹುದು. ಕಟ್ಟಿದ್ದನ್ನು ಯಾರಾದರೂ ಬಿಚ್ಚಬೇಕಾಗುತ್ತದೆ. ಮೂಲದಲ್ಲಿ ಸ್ಪರ್ಶವನ್ನೇ ಹೇಳುತ್ತಿದ್ದ ಸಂಪರ್ಕವೆಂಬ ಶಬ್ದವು ಇಂದು ಸ್ಪರ್ಶವೇ ಇಲ್ಲದ ಮೊಬೈಲು, ಅಂತರಜಾಲಗಳ ವ್ಯವಹಾರಕ್ಕೆ ಹೆಸರಾಗಿರುವುದು ಸೋಜಿಗವಲ್ಲವೇ?

ನಮ್ಮ ಅರಸೀಕೆರೆಯ ಶಿವಾಲಯವನ್ನು ಬಲ್ಲವರು ಅದರ ಮುಖಮಂಟಪವನ್ನು ಮರೆಯಲಾರರು. ಸುಮಾರು 1220ರಲ್ಲಿ, ಹೊಯ್ಸಳರ ಕಾಲದಲ್ಲಿ ನಿರ್ಮಿತವಾದ ಈ ದೇಗುಲದ ಮಂಟಪವು ನಕ್ಷತ್ರಾಕಾರವಾಗಿದ್ದು, ಅಂಚಿನಲ್ಲಿ ಕೂರಲು ಕಲ್ಲಿನ ಜಗಲಿಯಿದೆ. ಅಲ್ಲಿ ಕುಳಿತವನು ಎದುರು ಕುಳಿತವನ ಮುಖವನ್ನು ನೋಡದೆ ಇರಲಾಗದು. ನಮ್ಮ ಹಳ್ಳಿಯ ಮನೆಗಳ ಜಗಲಿಗೂ ಇದೇ ಗುಣವಿತ್ತು. ಯಾರು ಬಂದರು, ಯಾರು ಬರಲಿಲ್ಲ, ಯಾರ ಮುಖ ಬಾಡಿದೆ ಎಂಬುದು ಯಾರೂ ಹೇಳದೆಯೇ ತಿಳಿಯುತ್ತಿತ್ತು.

ಈ ಜಗಲಿಯ ಮಹತ್ತ್ವವು 2020ರಲ್ಲಿ ಅಧ್ಯಾಪಕ ಸಮೂಹಕ್ಕೆ ಮತ್ತೊಮ್ಮೆ ಮನವರಿಕೆಯಾಯಿತು. ಕೋವಿಡ್ ಪಿಡುಗಿನಿಂದ ಆ ವರ್ಷದ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದವು. ಪಾಠಗಳು ಮೊಬೈಲಿಗೂ ಚಂದನ ವಾಹಿನಿಗೂ ಏರಿದವು. ಮೊಬೈಲಿಲ್ಲದ ಮಕ್ಕಳ ಪಾಡೇನು? ಆಗಸ್ಟಿನಲ್ಲಿ ರಾಜ್ಯ ಸರ್ಕಾರವು 'ವಿದ್ಯಾಗಮ'ವನ್ನು ಆರಂಭಿಸಿತು; ಸರ್ಕಾರಿ ಶಾಲೆಗಳ ಉಪಾಧ್ಯಾಯರು ಊರೂರಿಗೆ ಹೋಗಿ ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ, ಜಗಲಿಯ ಮೇಲೆ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ಭೀತಿ ನಿರಾಧಾರವಾದುದಲ್ಲ. ಆದರೆ ಮಕ್ಕಳ ಮನೆಬಾಗಿಲಿಗೆ ಹೋದ ಉಪಾಧ್ಯಾಯನಿಗೆ ಹಾಜರಿ ಪುಸ್ತಕದಲ್ಲಿ ಎಂದೂ ಕಾಣದ ಸಂಗತಿಗಳು ಕಂಡವು: ತಮ್ಮನನ್ನು ಸೊಂಟದಲ್ಲಿ ಹೊತ್ತು ಬರುವ ಹುಡುಗಿ, ಕೂಲಿಗೆ ಹೋದ ತಾಯಿಯ ಬದಲು ಒಲೆ ಹಚ್ಚಿದ ಹುಡುಗ.

ಭಾಷಾಬೋಧಕನಿಗಂತೂ ಯಂತ್ರದ ಮಿತಿ ಬಹು ಬೇಗ ತಿಳಿಯುತ್ತದೆ. ದೂರವಾಣಿಯಲ್ಲಿ ಶಕಾರ ಸಕಾರಗಳ ಭೇದ ಮಸುಕಾಗುತ್ತದೆ. ಅವುಗಳನ್ನು ಬೇರ್ಪಡಿಸುವ ಎತ್ತರದ ಧ್ವನಿತರಂಗಗಳು ಅಲ್ಲಿ ಬಹುಮಟ್ಟಿಗೆ ಕತ್ತರಿಸಿಹೋಗಿರುತ್ತವೆ. ಸಾಮೂಹಿಕ ವಾಚನದ ಅವಸ್ಥೆ ಇನ್ನೂ ಕಷ್ಟ. ಧ್ವನಿಯು ಒಂದೆಡೆಯಿಂದ ಇನ್ನೊಂದೆಡೆಗೆ ತಲುಪುವಾಗ ಆಗುವ ಅಲ್ಪ ವಿಳಂಬವೇ ಸಾಕು, ಭಾಮಿನಿಯ ಮೂರು-ನಾಲ್ಕರ ನಡೆ ಚದುರಿಹೋಗುತ್ತದೆ. ನಲವತ್ತು ಮಕ್ಕಳು ಒಂದೇ ಉಸಿರಿನಲ್ಲಿ ಓದಬೇಕಾದರೆ ಒಂದೇ ಗಾಳಿಯನ್ನು ಉಸಿರಾಡುತ್ತಿರಬೇಕು.

ಹಾಗೆಂದು ಯಂತ್ರವನ್ನು ಹಳಿಯುವ ಪಕ್ಷ ನನ್ನದಲ್ಲ. ವಚನಗಳ ಓಲೆಗರಿಗಳಿಗಾಗಿ ಫ.ಗು. ಹಳಕಟ್ಟಿಯವರು ಊರೂರು, ಮನೆಮನೆ ತಿರುಗಿದರು. ಇಂದು ಇಪ್ಪತ್ತು ಸಹಸ್ರಕ್ಕೂ ಮಿಕ್ಕ ವಚನಗಳು ಅಂತರಜಾಲದಲ್ಲಿವೆ. ಒಂದು ಪದವನ್ನು ಹುಡುಕಿದರೆ ಆ ಪದವಿರುವ ವಚನಗಳೆಲ್ಲ ಕ್ಷಣದಲ್ಲಿ ಮುಂದೆ ನಿಲ್ಲುತ್ತವೆ. ಸಂಶೋಧಕನಿಗೆ ಇದು ವರವೇ ಸರಿ. ಆದರೆ ಓಲೆಗರಿ ಬೇಡಿ ಬಂದವರಿಗೆ ಮನೆಯವರೊಡನೆ ಒಂದು ಪರಿಚಯವಾಗುತ್ತಿತ್ತು, ಹುಡುಕುಪೆಟ್ಟಿಗೆಗೆ ಮನೆಯವರಿಲ್ಲ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಬೇಲೂರಿಗೆ ಬರುವವರಲ್ಲಿ ಕೆಲವರು ದರ್ಪಣಸುಂದರಿಗೆ ಬೆನ್ನು ಮಾಡಿ, ಅಂಗೈಯ ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡು ಚಿತ್ರ ತೆಗೆದುಕೊಂಡು ನಡೆದುಬಿಡುತ್ತಾರೆ. ಒಂಬತ್ತು ಶತಮಾನಗಳಿಂದ ಕನ್ನಡಿ ಹಿಡಿದು ನಿಂತಿರುವ ಆಕೆಗೆ ಇದರಲ್ಲಿ ಹೊಸತೇನೂ ಕಾಣದಿರಬಹುದು!

ಇನ್ನು ನಮ್ಮ ಹಳೆಯ ವಿದ್ಯಾರ್ಥಿಗಳ ವಿಷಯ. ಈಗ ಪ್ರತಿ ತಂಡಕ್ಕೂ ಒಂದು ವಾಟ್ಸಾಪ್ ಬಳಗವಿದೆ. ಗುರುಗಳೊಬ್ಬರು ಲಿಂಗೈಕ್ಯರಾದ ಸುದ್ದಿ ಬಂದೊಡನೆ ಕೈಮುಗಿದ ಚಿತ್ರಗಳು ಸಾಲುಗಟ್ಟುತ್ತವೆ. ಸಂಜೆಯ ವೇಳೆಗೆ ಅದೇ ಸಾಲಿನಲ್ಲಿ ಯಾರದೋ ಹುಟ್ಟುಹಬ್ಬದ ಶುಭಾಶಯಗಳು. ಇದು ಸಂಪರ್ಕ. ದೂರದೇಶದಲ್ಲಿರುವವನು ಬರಲಾಗದಿದ್ದರೂ ಗುರುಪತ್ನಿಗೆ ಕರೆಮಾಡಿ, ಆ ತಾಯಿ ಅಳುವಷ್ಟು ಹೊತ್ತೂ ಸುಮ್ಮನೆ ಕೇಳುತ್ತಾ ಕುಳಿತರೆ, ತಿಂಗಳು ಕಳೆದ ಮೇಲೆ ಮತ್ತೊಮ್ಮೆ "ಅಮ್ಮಾ, ಊಟ ಮಾಡಿದಿರಾ?" ಎಂದು ವಿಚಾರಿಸಿದರೆ, ಅದೇ ಯಂತ್ರದಲ್ಲಿ ಸಂಬಂಧವೂ ನಡೆದಂತಾಯಿತು. ಊರಿನಲ್ಲೇ ಇದ್ದು ಎರಡು ಬೀದಿ ದಾಟದೆ ಚಿತ್ರ ಕಳುಹಿಸಿದವನಿಗಿಂತ ಅವನು ಆ ಮನೆಗೆ ಹತ್ತಿರದವನು.