ನಾಲ್ಕು ತಾಲೂಕಿನ ಮಣ್ಣು, ಒಂದು ಸೈಕಸ್ ಗಿಡ

ಸೈಕಸ್ ಮರಿ ಕೇಳಿಕೊಂಡು ಮನೆಗೆ ಬರುವವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: "ದಿನಾ ಎಷ್ಟು ನೀರು ಹಾಕಬೇಕ್ರಿ?" ದಿನಾ ಹಾಕಲೇಬೇಡಿ ಎಂಬುದು ನನ್ನ ಉತ್ತರ. ಈ ಗಿಡಕ್ಕೆ ನಮ್ಮ ಕಣ್ಣು, ಕೈ ಎರಡೂ ಬೇಕಾಗುವುದು ವರ್ಷದಲ್ಲಿ ಎರಡು ಮೂರು ವಾರ ಮಾತ್ರ. ಅದು ಸುಳಿ ಬಿಡುವ ಕಾಲ. ಉಳಿದಂತೆ ಬೇರಿನ ಸುತ್ತ ನೀರು ನಿಲ್ಲದ ಹಾಗೆ ನೋಡಿಕೊಂಡು ಅದರ ಪಾಡಿಗೆ ಅದನ್ನು ಬಿಟ್ಟರೆ ಸಾಕು. ಕೊಪ್ಪಳ ಜಿಲ್ಲೆಯ ನಾಲ್ಕು ಊರುಗಳಲ್ಲಿ ಈ ಗಿಡದ ಜೊತೆ ಇದ್ದು ನಾನು ಕಲಿತದ್ದರ ಸಾರ ಇಷ್ಟೇ. ಇದನ್ನು ಧೈರ್ಯವಾಗಿ ಹೇಳುವ ಮೊದಲು ನಾಲ್ಕು ಬಗೆಯ ಮಣ್ಣನ್ನೂ ನೀರನ್ನೂ ನೋಡಬೇಕಾಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಹೀಗೆ ವರ್ಗವಾದಲ್ಲೆಲ್ಲ ಮನೆಯ ಸಾಮಾನಿನ ಜೊತೆ ಸಿಮೆಂಟ್ ಕುಂಡದ ಸೈಕಸ್ ಕೂಡ ಟ್ರ್ಯಾಕ್ಟರ್ ಏರುತ್ತಿತ್ತು. ಪ್ರತಿ ಊರಲ್ಲೂ ಅದರ ಬುಡದ ಮರಿಗಳನ್ನು ಬಿಡಿಸಿ ಸಹೋದ್ಯೋಗಿಗಳ ಅಂಗಳದಲ್ಲಿ ನೆಟ್ಟೆವು. ಮರಿ ಎಂದರೆ ತಾಯಿಯದೇ ಪಡಿಯಚ್ಚು. ತಾಯಿ ಗಂಡಾದರೆ ಮರಿಯೂ ಗಂಡು, ಹೆಣ್ಣಾದರೆ ಹೆಣ್ಣು. ಹಾಗಾಗಿ ಒಂದು ಊರಲ್ಲಿ ಗಿಡ ಕಡುಹಸಿರಾಗಿ, ಇನ್ನೊಂದು ಊರಲ್ಲಿ ಹಳದಿಯಾಗಿ ನಿಂತರೆ ತಳಿಯನ್ನು ದೂರುವಂತಿರಲಿಲ್ಲ. ಕಾರಣವನ್ನು ಮಣ್ಣಿನಲ್ಲೋ ನೀರಿನಲ್ಲೋ ಹುಡುಕಲೇಬೇಕಿತ್ತು.

ನರ್ಸರಿಯವರು ಇದನ್ನು ಸಾಗೋ ಪಾಮ್ ಎಂದು ಮಾರುತ್ತಾರೆ. ನೋಡಲು ಈಚಲದ ಹಾಗಿದ್ದರೂ ಈಚಲ, ತೆಂಗುಗಳ ನೆಂಟಸ್ತಿಕೆ ಇದಕ್ಕಿಲ್ಲ. ಇದು ಹೂವು, ಹಣ್ಣು ಬಿಡದ ಅನಾವೃತಬೀಜ ಸಸ್ಯ. ಪೈನ್ ಮರಗಳು ಇದಕ್ಕೆ ಹೆಚ್ಚು ಹತ್ತಿರ. ಡೈನೊಸಾರ್‌ಗಳಿಗಿಂತ ಮೊದಲೇ ಭೂಮಿಯ ಮೇಲಿದ್ದ ವಂಶ ಇದು. ನಮ್ಮ ಮನೆಗಳಲ್ಲಿರುವ ಸೈಕಸ್ ರೆವೊಲ್ಯೂಟಾದ ತವರು ಜಪಾನಿನ ದಕ್ಷಿಣದ ದ್ವೀಪಗಳು. 1782ರಲ್ಲಿ ಸ್ವೀಡನ್ನಿನ ಥುನ್‌ಬೆರ್ಗ್ ಇದಕ್ಕೆ ಈ ವೈಜ್ಞಾನಿಕ ಹೆಸರಿಟ್ಟರು. ಸಮುದ್ರದ ಗಾಳಿ, ಕಲ್ಲಿನ ಇಳಿಜಾರು, ನೀರು ನಿಲ್ಲದ ನೆಲ ಇದರ ಹುಟ್ಟುಗುಣಕ್ಕೆ ಒಗ್ಗಿದ್ದು.

ಇದರ ಆರೈಕೆಯ ಬಗ್ಗೆ ಸಿಗುವ ಬರಹಗಳಲ್ಲಿ ಹೆಚ್ಚಿನವು ಚಳಿದೇಶದ ತೋಟದವರಿಗಾಗಿ ಬರೆದವು. ಹಿಮ ಬಿದ್ದಾಗ ಸುಳಿಯನ್ನು ಹೇಗೆ ಮುಚ್ಚಬೇಕು, ಕುಂಡವನ್ನು ಯಾವಾಗ ಒಳಗೆ ತರಬೇಕು ಎಂಬುದೇ ಅಲ್ಲಿನ ಚಿಂತೆ. ಕ್ಯೋಟೋ ನಗರದ ನಿಜೋ ಕೋಟೆಯ ತೋಟದಲ್ಲಿ ಪ್ರತಿ ಚಳಿಗಾಲ ಸೈಕಸ್‌ಗಳಿಗೆ ಭತ್ತದ ಹುಲ್ಲಿನ ಹೊದಿಕೆ ಸುತ್ತುತ್ತಾರೆ. ಲಂಡನ್ನಿನ ಕ್ಯೂ ಉದ್ಯಾನದ ಗಾಜಿನಮನೆಯಲ್ಲಿ ಇದೇ ಬಳಗದ ಎನ್ಸೆಫಲಾರ್ಟಸ್ ಗಿಡವೊಂದಿದೆ. ಫ್ರಾನ್ಸಿಸ್ ಮ್ಯಾಸನ್ ದಕ್ಷಿಣ ಆಫ್ರಿಕಾದಿಂದ ತಂದ ಆ ಗಿಡ 1775ರಿಂದಲೂ ಅಲ್ಲಿ ಕುಂಡದಲ್ಲೇ ಬದುಕಿದೆ. ಅವರಿಗೆ ಚಳಿಯ ಭಯ. ನಮ್ಮಲ್ಲಿ ಡಿಸೆಂಬರಿನ ರಾತ್ರಿ ಈ ಗಿಡಕ್ಕೆ ಹಿತ, 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳೇ ಪರೀಕ್ಷೆ. ಆದರೂ ಚಳಿದೇಶದವರ ಎರಡು ಬುದ್ಧಿಮಾತು ನಮಗೂ ಸಲ್ಲುತ್ತವೆ: ಬುಡ ಒಣಗಿರಲಿ, ಸುಳಿ ಸುರಕ್ಷಿತವಾಗಿರಲಿ.

ಕೊಪ್ಪಳದ ಸುತ್ತಲಿನ ಮಸಾರಿ ಭೂಮಿಯಲ್ಲಿ ಈ ಗಿಡಕ್ಕೆ ಹೆಚ್ಚಿನ ಉಪಚಾರ ಬೇಕಾಗಲಿಲ್ಲ. ಗರಸು ಬೆರೆತ ಕೆಂಪು ಮಣ್ಣು, ಕೆಳಗೆ ಬಂಡೆ, ಸುರಿದ ನೀರು ಇಳಿದು ಹೋಗುವ ಇಳಿಜಾರು. ಗುಂಡಿ ತೆಗೆದು ಒಂದು ಪಾಲು ಹಳೆಯ ಸಗಣಿಗೊಬ್ಬರ, ಒಂದು ಪಾಲು ಮರಳು ಬೆರೆಸಿ, ದಿಂಡಿನ ಮೂರರಲ್ಲಿ ಒಂದು ಪಾಲು ಮಾತ್ರ ಮಣ್ಣಿನೊಳಗೆ ಇರುವಂತೆ ನೆಟ್ಟೆವು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬುಡ ತೊಯ್ಯುವಷ್ಟು ನೀರು. ಮಳೆಗಾಲದಲ್ಲಿ ಅದೂ ಇಲ್ಲ. ಮುಂದೆ ಬೇರೆ ಊರುಗಳಲ್ಲಿ ಏನು ಬದಲಿಸಬೇಕು ಎನ್ನುವುದಕ್ಕೆ ಕೊಪ್ಪಳದ ಆ ಮಣ್ಣೇ ನನಗೆ ಅಳತೆಗೋಲಾಯಿತು.

ಯಲಬುರ್ಗಾದ ಎರೆಭೂಮಿಯ ಪಾಠ ಬೇರೆ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ಮಣ್ಣು ಅದು. ಬಿರುಕು ಬಿಡುವಾಗ ಎಳೆಬೇರುಗಳನ್ನು ಹರಿದುಹಾಕುತ್ತದೆ. ಅದಕ್ಕಿಂತ ದೊಡ್ಡ ತೊಡಕು ಅದರಲ್ಲಿರುವ ಸುಣ್ಣದ ಅಂಶ. ಅಲ್ಲಿ ನೆಟ್ಟ ಮರಿಯ ಹಳೆಯ ಗರಿಗಳು ಚೆನ್ನಾಗಿದ್ದವು, ಹೊಸ ಸುಳಿ ಮಾತ್ರ ಹಳದಿಯಾಗಿ, ಸುಕ್ಕುಗಟ್ಟಿ, ತುದಿ ಕಮರಿಕೊಂಡು ಹೊರಬಂತು. ಎಲ್ಲರೂ ಬಿಸಿಲಿನ ಹೊಡೆತ ಅಂದರು. ಬಿಸಿಲಿಗೆ ಸುಟ್ಟ ಗರಿ ಬಿಸಿಲು ಬೀಳುವ ಕಡೆ ಮಾತ್ರ ಕಂದುತ್ತದೆ. ಇಲ್ಲಿ ಸುತ್ತಲಿನ ಎಲ್ಲ ಎಳೆಗರಿಗಳೂ ಒಂದೇ ರೀತಿ ಮುದುಡಿದ್ದವು. ಅದು ಮ್ಯಾಂಗನೀಸ್ ಕೊರತೆ. ಮಣ್ಣಿನಲ್ಲಿ ಮ್ಯಾಂಗನೀಸ್ ಇದ್ದರೂ ಕ್ಷಾರದ ಗುಣ ಹೆಚ್ಚಾದಾಗ ಬೇರಿಗೆ ದಕ್ಕುವುದಿಲ್ಲ.

ಇದಕ್ಕೆ ಮದ್ದು ಹುಡುಕಲು ದೂರ ಹೋಗಬೇಕಿಲ್ಲ. ದಾಳಿಂಬೆ ಬೆಳೆಯುವ ನಮ್ಮ ಕಡೆಯ ರೈತರಿಗೆ ಲಘು ಪೋಷಕಾಂಶಗಳ ಸಿಂಪಡಣೆ ಹೊಸದಲ್ಲ. ಮ್ಯಾಂಗನೀಸ್ ಸಲ್ಫೇಟ್ ಗೊಬ್ಬರದ ಅಂಗಡಿಯಲ್ಲೇ ಸಿಗುತ್ತದೆ. ಲೀಟರ್ ನೀರಿಗೆ 3 ಗ್ರಾಂ ಕರಗಿಸಿ, ಬಿಸಿಲು ಇಳಿದ ಮೇಲೆ ಗರಿಗಳಿಗೆ ಸಿಂಪಡಿಸಿದೆವು, ಬುಡಕ್ಕೂ ಸ್ವಲ್ಪ ಕೊಟ್ಟೆವು. ಇಲ್ಲಿ ತಾಳ್ಮೆ ಬೇಕು. ಒಮ್ಮೆ ಕೆಟ್ಟ ಗರಿ ಮತ್ತೆ ಹಸಿರಾಗುವುದಿಲ್ಲ, ಮದ್ದಿನ ಫಲ ಕಾಣುವುದು ಮುಂದಿನ ಸುಳಿಯಲ್ಲಿ. ಹಳದಿಯಾದ ಗರಿಗಳನ್ನೆಲ್ಲ ಕತ್ತರಿಸಿ ಎಸೆಯಬೇಕೆಂಬ ಆತುರ ಬೇಡ, ಅರ್ಧ ಹಸಿರಿರುವ ಗರಿಯೂ ಗಿಡಕ್ಕೆ ಅನ್ನ ಬೇಯಿಸುತ್ತಿರುತ್ತದೆ. ಹೊಸ ಗರಿ ಚೆನ್ನಾಗಿದ್ದು ಹಳೆಯ ಗರಿ ಮಾತ್ರ ಹಳದಿಯಾದರೆ ಅದು ಮೆಗ್ನೀಸಿಯಂ ಕೊರತೆ ಇರಬಹುದು, ಆಗ ಎಪ್ಸಮ್ ಉಪ್ಪು ಬೇಕು. ಯಾವ ಗರಿ ಹಳದಿಯಾಗಿದೆ ಎಂದು ನೋಡದೆ ಮದ್ದು ಹಾಕಬಾರದು. ಎರೆಭೂಮಿಯಲ್ಲಿ ನೆಡುವವರು ನೆಲದಲ್ಲಿ ಗುಂಡಿ ತೋಡುವ ಬದಲು ಗರಸು, ಮರಳಿನ ದಿಬ್ಬ ಏರಿಸಿ ಅದರ ಮೇಲೆ ನೆಡುವುದು ಒಳ್ಳೆಯದು.

ಕುಷ್ಟಗಿಯಲ್ಲಿ ಮಣ್ಣು ಸರಿಯಿತ್ತು, ತೊಡಕಿದ್ದದ್ದು ನೀರಿನಲ್ಲಿ. ಆಳದ ಬೋರಿನ ಗಡಸು ನೀರು ಹಾಕಿದಷ್ಟೂ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತಿತ್ತು, ಎಲೆಕಡ್ಡಿಗಳ ತುದಿ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ನೀರು ಕಡಿಮೆಯಾಯಿತೆಂದು ಮತ್ತಷ್ಟು ಅದೇ ನೀರು ಹಾಕಿದರೆ ಉಪ್ಪು ಮತ್ತಷ್ಟು ಸೇರುತ್ತದೆ. ಮಾಳಿಗೆಯ ಮಳೆನೀರನ್ನು ಡ್ರಮ್ಮಿಗೆ ಹಿಡಿದಿಟ್ಟು ಕುಂಡದ ಗಿಡಕ್ಕೆ ಅದನ್ನೇ ಮೀಸಲಿಟ್ಟೆ. ದೊಡ್ಡ ಮಳೆ ಬಂದಾಗ ಕುಂಡವನ್ನು ಬಯಲಿಗೆ ಇಟ್ಟು, ತಳದ ತೂತಿನಿಂದ ನೀರು ಧಾರಾಳವಾಗಿ ಹರಿದುಹೋಗಲು ಬಿಟ್ಟರೆ ಕೂತ ಉಪ್ಪೆಲ್ಲ ತೊಳೆದು ಹೋಗುತ್ತದೆ. ಬರಗಾಲ ಕಂಡ ಸೀಮೆಯವರಿಗೆ ಇನ್ನೊಂದು ಸಮಾಧಾನದ ಮಾತು: ಈ ಗಿಡ ದಿಂಡಿನಲ್ಲಿ ಹಿಟ್ಟು, ನೀರು ಕೂಡಿಟ್ಟುಕೊಂಡಿರುತ್ತದೆ. ನೀರಿನ ಟ್ಯಾಂಕರಿಗಾಗಿ ಊರೇ ಕಾಯುವ ಬೇಸಿಗೆಯಲ್ಲಿ ಸೈಕಸ್‌ಗೆ ಕೊಡ ನೀರು ಸುರಿಯುವ ಅಗತ್ಯವೇ ಇಲ್ಲ.

ಗಂಗಾವತಿ ಇದಕ್ಕೆ ಪೂರ್ತಿ ವಿರುದ್ಧ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಅದು ಭತ್ತದ ಸೀಮೆ. ಗದ್ದೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ತಗ್ಗಿನ ಬಡಾವಣೆಯ ಅಂಗಳಗಳೂ ಒಳಗಿಂದೊಳಗೆ ತೇವಗೊಳ್ಳುತ್ತವೆ. ಕೆಲವೆಡೆ ನೆಲ ಸವುಳಾಗಿದೆ. ಅಂಥಲ್ಲಿ ಸೈಕಸ್ ನೆಲಕ್ಕಿಟ್ಟರೆ ಬುಡ ಕೊಳೆಯುವುದು ಮೇಲಿನಿಂದ ಗೊತ್ತೇ ಆಗುವುದಿಲ್ಲ. ಗರಿಗಳು ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತವೆ. ದಿಂಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಗಟ್ಟಿಯಿದ್ದರೆ ಆರೋಗ್ಯ, ಮೆತ್ತಗಾದರೆ ರೋಗ. ಗಂಗಾವತಿಯಲ್ಲಿ ನಮ್ಮ ಗಿಡಗಳೆಲ್ಲ ಇಟ್ಟಿಗೆಯ ಮೇಲೆ ಕೂತ ಕುಂಡಗಳಲ್ಲೇ ಬೆಳೆದವು.

ಇದೇ ಊರಲ್ಲಿ ಮಕ್ಕಳಿಗೆ ಒಂದು ಸೊಗಸಾದ ಪಾಠ ಮಾಡಲು ಸಾಧ್ಯವಾಯಿತು. ಕುಂಡ ಬದಲಿಸುವಾಗ ಬುಡದ ಬಳಿ ಮೇಲ್ಮುಖವಾಗಿ ಬೆಳೆದ ಗಂಟುಗಂಟಾದ ಬೇರುಗಳು ಕಂಡವು, ಪುಟ್ಟ ಹಸಿಶುಂಠಿ ಬೆರಳುಗಳ ಹಾಗೆ. ಬಹಳ ಜನ ಇದನ್ನು ರೋಗವೆಂದು ಕಿತ್ತು ಹಾಕುತ್ತಾರೆ. ಒಂದನ್ನು ಬ್ಲೇಡಿನಿಂದ ಅಡ್ಡ ಸೀಳಿ ಭೂತಗನ್ನಡಿಯಲ್ಲಿ ತೋರಿಸಿದೆ. ಬಿಳಿಯ ತಿರುಳಿನ ನಡುವೆ ತೆಳ್ಳಗಿನ ಹಸಿರು ಉಂಗುರ. ಮಣ್ಣೊಳಗಿನ ಬೇರಿಗೆ ಹಸಿರು ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿದರು. ಅದು ಬೇರಿನ ಹಸಿರಲ್ಲ, ಅಲ್ಲಿ ಬೀಡುಬಿಟ್ಟ ನೀಲಿಹಸಿರು ಪಾಚಿಯದು. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವ ಜೀವಿ. ಗದ್ದೆಗೆ ಜೈವಿಕ ಗೊಬ್ಬರವಾಗಿ ಬಿಡುವುದೂ ಇದೇ ಬಗೆಯ ಪಾಚಿಯನ್ನು ಎಂದಾಗ ಭತ್ತದ ರೈತರ ಮಕ್ಕಳ ಮುಖ ಅರಳಿತು. ಸೈಕಸ್ ಬುಡಕ್ಕೆ ಮುಷ್ಟಿಗಟ್ಟಲೆ ಯೂರಿಯಾ ಯಾಕೆ ಬೇಡ ಎನ್ನುವುದನ್ನು ಅವರಿಗೆ ಮತ್ತೆ ವಿವರಿಸಬೇಕಾಗಲಿಲ್ಲ.

ಇನ್ನು ಆ ಎರಡು ಮೂರು ವಾರಗಳ ಮಾತು. ನಮ್ಮಲ್ಲಿ ಸಾಮಾನ್ಯವಾಗಿ ಮುಂಗಾರಿನ ಆಸುಪಾಸು ದಿಂಡಿನ ತುದಿಯ ಕಂದು ರೋಮಗಳ ನಡುವಿನಿಂದ ಹೊಸ ಗರಿಗಳೆಲ್ಲ ಒಟ್ಟಿಗೆ ಎದ್ದುಬರುತ್ತವೆ. ಒಂದೊಂದು ಎಲೆಕಡ್ಡಿಯೂ ಒಳಮುಖವಾಗಿ ಸುರುಳಿ ಸುತ್ತಿಕೊಂಡು, ಮುಟ್ಟಿದರೆ ಮುರಿಯುವಷ್ಟು ಎಳೆಯದಾಗಿರುತ್ತದೆ. ಇದೇ ಹೊತ್ತಿಗೆ ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ, ಮಾಸಲು ನೀಲಿಯ ಚಿಟ್ಟೆಯೊಂದು ಸುಳಿಯ ಸುತ್ತ ಹಾರಾಡತೊಡಗುತ್ತದೆ. ಪ್ಲೇನ್ಸ್ ಕ್ಯುಪಿಡ್ ಎಂದು ಅದರ ಹೆಸರು. ಎಳೆಗರಿಯ ಮೇಲೆ ಅದು ಸಾಸಿವೆಗಿಂತ ಸಣ್ಣ, ಚಪ್ಪಟೆ ಮೊಟ್ಟೆ ಇಡುತ್ತದೆ. ಮರಿಹುಳು ಹೊರಬಂದರೆ ಕೆಲವೇ ದಿನಗಳಲ್ಲಿ ಇಡೀ ವರ್ಷದ ಸುಳಿ ಬರಿ ಕಡ್ಡಿಯಾಗುತ್ತದೆ. ಸುಳಿಗೆ ಇರುವೆ ಸಾಲು ಹತ್ತಿದ್ದು ಕಂಡರೆ ತಕ್ಷಣ ಬಗ್ಗಿ ನೋಡಿ. ಹುಳು ಒಸರುವ ಸಿಹಿರಸಕ್ಕಾಗಿ ಇರುವೆಗಳು ಅದರ ಕಾವಲಿಗೆ ನಿಂತಿರುತ್ತವೆ.

ವಿಷದ ಔಷಧಿಗಿಂತ ಸುಲಭದ ಉಪಾಯ ಹಳೆಯ ಸೊಳ್ಳೆ ಪರದೆ. ಸುಳಿ ಕಣ್ಣು ಬಿಟ್ಟ ದಿನವೇ ನಾಲ್ಕು ಬಿದಿರು ಕೋಲು ನೆಟ್ಟು, ಗರಿಗೆ ತಾಗದಂತೆ ಪರದೆ ಇಳಿಬಿಟ್ಟು ಬುಡದಲ್ಲಿ ಕಟ್ಟಿದರೆ ಚಿಟ್ಟೆಗೆ ಮೊಟ್ಟೆ ಇಡಲು ಜಾಗವೇ ಇಲ್ಲ. ಅದರ ಮೇಲೆ ಮಧ್ಯಾಹ್ನದ ಹೊತ್ತಿಗೆ ತೆಳುವಾದ ನೆರಳುಬಲೆ ಹಾಕಿದರೆ ಬಿಸಿಲಿನ ಝಳದಿಂದಲೂ ರಕ್ಷಣೆ. ಮೊಟ್ಟೆ ಆಗಲೇ ಕಂಡರೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಸಂಜೆ ಬೇವಿನೆಣ್ಣೆಯ ದ್ರಾವಣ ಸಿಂಪಡಿಸಬಹುದು. ಗರಿ ಬಲಿತು ಗಡುಸಾದ ಮೇಲೆ ಹುಳುವಿಗೆ ಅದು ದಕ್ಕುವುದಿಲ್ಲ. ಆಗ ಪರದೆ ತೆಗೆಯಿರಿ, ಚಿಟ್ಟೆ ತನ್ನ ಪಾಡಿಗೆ ಹಾರಾಡಿಕೊಂಡಿರಲಿ. ಹೊರಗಿನಿಂದ ಹೊಸ ಗಿಡ ತಂದಾಗ ಎಲೆಯಡಿಯಲ್ಲಿ ಬಿಳಿ ಹೊಟ್ಟಿನಂತೆ ಅಂಟಿಕೊಳ್ಳುವ ಶಲ್ಕಕೀಟ ಇದೆಯೇ ಎಂದು ನೋಡಿ, ಕೆಲವು ವಾರ ದೂರವೇ ಇಡಬೇಕು. 2003ರಲ್ಲಿ ಗುವಾಮ್ ದ್ವೀಪಕ್ಕೆ ಬಂದ ಇಂಥ ಒಂದು ಕೀಟ ಅಲ್ಲಿನ ಕಾಡಿನ ಸೈಕಸ್‌ಗಳನ್ನು ಅಳಿವಿನಂಚಿಗೆ ತಳ್ಳಿತು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರ ವಿಷದ್ದು. ಗಿಡದ ಎಲ್ಲ ಭಾಗದಲ್ಲೂ ಸೈಕಾಸಿನ್ ಎಂಬ ನಂಜಿದೆ, ಕಿತ್ತಳೆಗೆಂಪಿನ ಬೀಜದಲ್ಲಂತೂ ತುಂಬ ಹೆಚ್ಚು. ಬೀಜ ಅಗಿದ ನಾಯಿಯ ಯಕೃತ್ತು ಕೆಡುತ್ತದೆ, ಎಲೆ ಮೇಯ್ದ ದನದ ಹಿಂಗಾಲು ಸ್ವಾಧೀನ ತಪ್ಪಬಹುದು. 1920ರ ದಶಕದಲ್ಲಿ ಬಡತನಕ್ಕೆ ಸಿಕ್ಕ ಓಕಿನಾವಾ ಜನ ಹಸಿವಿಗೆ ಇದರ ದಿಂಡು, ಬೀಜ ತಿಂದರು. ನಂಜು ಸರಿಯಾಗಿ ತೆಗೆಯದೆ ತಿಂದವರು ಸತ್ತರು. ಆ ಕಾಲವನ್ನು ಅಲ್ಲಿನವರು ಸೈಕಸ್ ನರಕ ಎಂದೇ ನೆನೆಯುತ್ತಾರೆ. ಉಪವಾಸಕ್ಕೆ ನಾವು ತಿನ್ನುವ ಸಾಬಕ್ಕಿ ಬರುವುದು ಸೇಲಂ ಕಡೆಯ ಮರಗೆಣಸಿನಿಂದ, ಈ ಗಿಡದಿಂದಲ್ಲ. ಅಂಗಳದಲ್ಲಿ ದನಕರು ಕಟ್ಟುವವರು, ಅಂಬೆಗಾಲಿಡುವ ಮಕ್ಕಳಿರುವವರು ಬೇಲಿ ಹಾಕಿಯೇ ನೆಡಬೇಕು. ಹೆಣ್ಣುಗಿಡ ಬೀಜ ಕಟ್ಟಿದರೆ ಕೈಗವಸು ಹಾಕಿಕೊಂಡು ಬೀಜಗಳನ್ನು ತೆಗೆದು ಹೂತುಬಿಡಬೇಕು.

ಮರಿ ಬಿಡಿಸಲು ಚಳಿಗಾಲ ಒಳ್ಳೆಯದು, ಗಿಡ ಆಗ ವಿಶ್ರಾಂತಿಯಲ್ಲಿರುತ್ತದೆ. ಹರಿತವಾದ ಚಾಕುವಿನಿಂದ ಬಿಡಿಸಿ, ಗರಿ ಕತ್ತರಿಸಿ, ಗಾಯ ಒಣಗಲು ನೆರಳಿನಲ್ಲಿ ಒಂದು ವಾರ ಇಡಬೇಕು. ನಂತರ ಮರಳು ಹೆಚ್ಚಿರುವ ಮಣ್ಣಿನಲ್ಲಿ ಅರ್ಧ ಹೂತರೆ ಸಾಕು. ಬೇರು ಹಿಡಿಯಲು ತಿಂಗಳುಗಳೇ ಬೇಕು. ಕಿತ್ತು ಕಿತ್ತು ನೋಡಿದರೆ ಬೇರು ಬರುವುದಿಲ್ಲ.

ಮರಿ ಕೊಡುವಾಗ ನಾನು ಮೂರು ಮಾತು ಕೇಳಿ ಪಡೆಯುತ್ತೇನೆ. ನೀರು ನಿಲ್ಲದ ಜಾಗದಲ್ಲಿ ನೆಡಬೇಕು. ದನ, ನಾಯಿ, ಮಕ್ಕಳಿಗೆ ಎಟುಕಬಾರದು. ಮದುವೆ ಮಂಟಪಕ್ಕಾಗಲಿ, ಗಣೇಶನ ಅಲಂಕಾರಕ್ಕಾಗಲಿ ಹಸಿರು ಗರಿ ಕೊಯ್ಯಬಾರದು, ಏಕೆಂದರೆ ವರ್ಷಕ್ಕೊಮ್ಮೆ ಬರುವ ಆ ಸುತ್ತೇ ಮುಂದಿನ ಸುಳಿಯನ್ನು ಸಾಕುವುದು. ಮನೆಯಲ್ಲಿ ಬೆಳೆಸಿದ ಮರಿ ಇಷ್ಟು ಸುಲಭವಾಗಿ ಸಿಗುವಾಗ ಕಾಡಿಗೆ ಕೈ ಹಾಕುವ ಅಗತ್ಯವೂ ಇಲ್ಲ. ನಮ್ಮ ಪಶ್ಚಿಮ ಘಟ್ಟದ ಸೈಕಸ್ ಸರ್ಸಿನಾಲಿಸ್ ಅಳಿವಿನ ಅಪಾಯದಲ್ಲಿರುವ ಗಿಡ. ಕಾಡಿನಿಂದ ಕಿತ್ತದ್ದನ್ನು ಯಾರಾದರೂ ತಂದು ಮಾರಿದರೆ ಕೊಳ್ಳಬೇಡಿ. ಈ ಮಾತುಗಳಿಗೆ ಒಪ್ಪಿ ಒಯ್ದವರ ಮನೆಗಳಲ್ಲಿ ಗಿಡ ನಮ್ಮ ಕಾಲದ ನಂತರವೂ ನಿಲ್ಲುತ್ತದೆ, ಅವರ ಮಕ್ಕಳಿಗೂ ಮರಿ ಕೊಡುತ್ತದೆ.